ಹರಕೆ ಅತ್ತೆಯದು, ಬಸ್ಕಿ ನನ್ನದು

ನಮ್ಮ ಮನೆಯಲ್ಲಿ ಒಬ್ಬರು ದೇವರಿಗೆ ಮಾತು ಕೊಟ್ಟರೆ ಅದನ್ನು ಉಳಿಸುವ ಕೆಲಸ ಇನ್ನೊಬ್ಬರ ತಲೆಗೆ ಬರುತ್ತದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಹೀಗೆ ಎಷ್ಟು ಸಲ ಆಗಿದೆಯೋ ನೆನಪಿಲ್ಲ. ತಲೆಗೆ ಬಂದದ್ದು ತೊಡೆ, ಮಂಡಿ, ಮೀನಖಂಡಕ್ಕೆಲ್ಲ ಇಳಿದದ್ದು ಮಾತ್ರ ಒಂದೇ ಸಲ.

೧. ಆಸ್ಪತ್ರೆಯ ಬೆಂಚು

ಆ ವರ್ಷ ದೀಪಾವಳಿ ಮುಗಿದ ವಾರವೇ ನಮ್ಮ ಮನೆಯವರಿಗೆ ಅಪೆಂಡಿಕ್ಸ್ ಒಡೆಯಿತು. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಸುಮೋದಲ್ಲಿ ಮಲಗಿಸಿಕೊಂಡು ಹೋದೆವು. ಡಾಕ್ಟರು, ತಡ ಮಾಡಿ ತಂದಿದ್ದೀರಿ ಎಂದಷ್ಟೇ ಹೇಳಿ ಒಳಗೆ ಹೋದರು. ಹೊರಗಿನ ಬೆಂಚಿನ ಮೇಲೆ ನಾನು, ನಮ್ಮತ್ತೆ. ಎರಡು ಗಂಟೆ ಕೂತೇ ಇದ್ದೆವು. ಅತ್ತೆಯ ತುಟಿ ಅಲ್ಲಾಡುತ್ತಲೇ ಇತ್ತು.

ಡಾಕ್ಟರು ಹೊರಗೆ ಬಂದು, ಪರವಾಗಿಲ್ಲ, ಉಳಿದುಕೊಂಡರು ಎಂದಾಗ ನಾನು ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರುತ್ತಾ, ನಂದಿ ಬೆಟ್ಟದ ಸ್ವಾಮಿಗೆ ಹರಕೆ ಹೊತ್ತಿದ್ದೆ, ಅವನೇ ಕಾಪಾಡಿದ ಎಂದರು. ಮಗ ಉಳಿದರೆ ಶಿವರಾತ್ರಿಯೊಳಗೆ ಬುಡದಿಂದ ಮೆಟ್ಟಿಲು ಹತ್ತಿಕೊಂಡೇ ಬಂದು ಕಾಯಿ ಒಡೆಸುವುದು, ಅಲ್ಲಿವರೆಗೆ ಅತ್ತೆ ಕಾಫಿ ಮುಟ್ಟದಿರುವುದು.

ಸಾವಿರಕ್ಕೂ ಮೇಲೆ ಮೆಟ್ಟಿಲು. ನಿಮ್ಮ ಮಂಡಿಯಲ್ಲಿ ಹೇಗೆ ಅತ್ತೆ ಎಂದೆ.

"ನಾನೆಲ್ಲಿ ಹತ್ತಲಮ್ಮ? ನನ್ನ ಕೈಲಿ ಆಗಲ್ಲ ಅಂತ ಅವನಿಗೂ ಗೊತ್ತು. ನಂಬೋ ಹಂಗಿರಲಿ ಅಂತ ನಿನ್ನ ಹೆಸರು ಹೇಳಿದೆ."

೨. ಕ್ಯಾಲೆಂಡರಿನ ಗಣಪತಿ

ನನಗಾಗ ನಲವತ್ತಮೂರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮೇಲಿನ ಮಹಡಿಯ ಕ್ಲಾಸಿಗೆ ಹೋಗುವಾಗ ನಡುವೆ ನಿಂತು ನೋಟಿಸ್ ಬೋರ್ಡ್ ಓದುವವಳ ಹಾಗೆ ನಟಿಸುತ್ತಾ ಏದುಸಿರು ಬಿಡುತ್ತಿದ್ದೆ. ಇಪ್ಪತ್ತು ಮೆಟ್ಟಿಲಿಗೇ ಹೀಗೆ.

ಹರಕೆಯಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೇ. ಆದರೆ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದ ಹೆಂಗಸು ಕಾಫಿ ಬಿಟ್ಟ ಮನೆಯಲ್ಲಿ ಬಾಳುವುದು ಹೇಗೆ? ಕಾಫಿಗೆ ಪಾತ್ರೆ ಇಟ್ಟರೆ ತಪ್ಪು, ಇಡದಿದ್ದರೆ ತಪ್ಪು. ಹತ್ತಿಯೇ ತೀರಬೇಕೆಂದು ನಮ್ಮ ಸ್ಕೂಲಿನ ಪಿ.ಟಿ. ಮೇಡಂ ಹತ್ತಿರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಕೊರಳಲ್ಲಿ ಸದಾ ಸೀಟಿ. ಏನೂ ಕೊಳ್ಳಬೇಡಿ, ನಿಮ್ಮ ಮೈ ಭಾರವೇ ಸಾಕು ಎಂದು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಚೀಟಿ ಬರೆದುಕೊಟ್ಟರು: ಕೈ ಎದೆ ಮೇಲೆ ಅಡ್ಡ ಕಟ್ಟಿಕೊಂಡು ಹತ್ತು ಬಸ್ಕಿ, ಗೋಡೆಗೆ ಕೈಯಿಟ್ಟು ಹತ್ತು ದಂಡ, ಹೊಸ್ತಿಲಾಚೆಯ ಮೆಟ್ಟಿಲು ಇಪ್ಪತ್ತು ಸಲ ಹತ್ತಿ ಇಳಿಯುವುದು. ವಾರಕ್ಕೆ ಐದೈದು ಹೆಚ್ಚಿಸಬೇಕು.

ಹಾಲಿನಲ್ಲಿ ಬಸ್ಕಿ ಹೊಡೆಯಲು ಜಾಗವಿದ್ದದ್ದು ಗಣಪತಿಯ ಕ್ಯಾಲೆಂಡರ್ ಎದುರು. ಎರಡನೇ ದಿನ ಹೆಪ್ಪಿಗೆ ಮೊಸರು ಕೇಳಲು ಬಂದ ಎದುರುಮನೆಯಾಕೆ ಹಿಂದಿನಿಂದ ನೋಡಿದರು. ಎದೆಯ ಮೇಲೆ ಅಡ್ಡ ಕಟ್ಟಿದ ಕೈ ಹಿಂದಿನಿಂದ ನೋಡಿದರೆ ಕಿವಿ ಹಿಡಿದ ಹಾಗೇ ಕಾಣುತ್ತದೆ. ಸದ್ದಿಲ್ಲದೆ ವಾಪಸು ಹೋದರು. ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಸುದ್ದಿ: ಗಂಡನಿಗೆ ಹಾಗಾಗಿದ್ದಕ್ಕೆ ಟೀಚರಮ್ಮ ಏನೋ ಮಾಡಿದ್ದೇ ಕಾರಣ, ಈಗ ಗಣಪತಿ ಹತ್ತಿರ ತಪ್ಪೊಪ್ಪಿಕೊಳ್ತಿದ್ದಾರೆ. ಮೂರು ಜನ ಗರಿಕೆ ತಂದುಕೊಟ್ಟರು. ಒಬ್ಬರು ನನ್ನನ್ನು ಬಿಟ್ಟು ಅತ್ತೆಯನ್ನೇ ಪಕ್ಕಕ್ಕೆ ಕರೆದು, ಏನು ಮಾಡಿದಳು ನಿಮ್ಮ ಸೊಸೆ ಎಂದು ಕೇಳಿದರು.

ಕಾಫಿಯಿಲ್ಲದೆ ತಲೆ ಸಿಡಿಯುತ್ತಿದ್ದ ಅತ್ತೆ, "ಇನ್ನೂ ಏನೂ ಮಾಡಿಲ್ಲ ಕಣಮ್ಮ. ಮುಂದೆ ಮಾಡೋದಕ್ಕೆ ಅಡ್ವಾನ್ಸು" ಎಂದರು.

೩. ಹಿತಕಿದ ಬೇಳೆ

ಸಂಕ್ರಾಂತಿ ಹೊತ್ತಿಗೆ ಹದಿನೈದು ಬಸ್ಕಿಗೇ ನಿಂತಿದ್ದೆ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯವರು ಹೊರಗಿನಿಂದ ಬಂದವರೇ ಹೊಟ್ಟೆ ಹಿಡಿದುಕೊಂಡು ಮಲಗಿದರು. ಹಣೆಯ ಮೇಲೆ ಬೆವರು. ಆಸ್ಪತ್ರೆಗೆ ಹೋಗೋಣ ಎಂದರೆ ಬೇಡ ಎನ್ನುತ್ತಾರೆ, ಏನು ತಿಂದಿರಿ ಎಂದರೆ ಏನೂ ಇಲ್ಲ ಎನ್ನುತ್ತಾರೆ. ಫೋನಿನಲ್ಲಿ ಡಾಕ್ಟರು, ಒಂದು ಗಂಟೆ ನೋಡಿ, ಜ್ವರ ಬಂದರೆ ತಕ್ಷಣ ಹೊರಡಿ ಎಂದರು.

ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲುಗಳನ್ನೇ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಥರ್ಮಾಮೀಟರ್ ಹಿಡಿದು ಕೂತವಳು, ಎಂ.ಎಸ್ಸಿ. ಓದಿದವಳು, ಎದ್ದು ಹಾಲಿಗೆ ಹೋಗಿ ಬಸ್ಕಿ ಹೊಡೆಯತೊಡಗಿದೆ. ಹದಿನೈದು ಆಯಿತು, ಇಪ್ಪತ್ತೈದು ಆಯಿತು. ನಿಲ್ಲಿಸಿದರೆ ಅವರಿಗೇನಾದರೂ ಆಗುತ್ತದೆ ಅನ್ನಿಸುತ್ತಿತ್ತು. ನಲವತ್ತಕ್ಕೆ ಬಂದಾಗ ಒಳಗಿನಿಂದ ಒಂದು ದೊಡ್ಡ ತೇಗು ಕೇಳಿಸಿತು. ಇಡೀ ಮನೆಗೆ ಅವರೆಕಾಯಿಯ ಘಮ. ಜಂಗಮಕೋಟೆಯ ಸ್ನೇಹಿತರ ಮನೆಯಲ್ಲಿ ಹಿತಕಿದ ಬೇಳೆ ಸಾರಿಗೆ ಐದು ಮುದ್ದೆ ಇಳಿಸಿ ಬಂದಿದ್ದರು.

ಅವರ ಹೊಟ್ಟೆನೋವು ಸಂಜೆಗೆ ಹೋಯಿತು, ನನ್ನ ತೊಡೆನೋವು ಗುರುವಾರದ ತನಕ. ಸೋಮವಾರ ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡದೆ ಎದ್ದು ನಿಂತ ಹುಡುಗಿಗೆ ಅಭ್ಯಾಸದಂತೆ ಹತ್ತು ಬಸ್ಕಿ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಕೂತ್ಕೊಳ್ಳಮ್ಮ ಎಂದೆ. ಅವಳು ಎಷ್ಟು ಸಲೀಸಾಗಿ ಕೂತಳೆಂದರೆ, ನನಗೆ ಹೊಟ್ಟೆಕಿಚ್ಚಾಯಿತು.

೪. ಕಟ್ ಮಾಡದ ಫೋನು

ಶಿವರಾತ್ರಿಗೆ ಇನ್ನು ಮೂರು ದಿನ. ಅಮ್ಮ ಮಗ ಬಸ್ಸಿನಲ್ಲಿ ನಂದಿ ಬೆಟ್ಟದ ಮೇಲಕ್ಕೆ ಹೋದರು. ಅತ್ತೆಯ ಮಡಿಲಲ್ಲಿ ಫ್ಲಾಸ್ಕು. ಒಳಗೆ ಮೂರೂವರೆ ತಿಂಗಳ ನಂತರದ ಮೊದಲ ಕಾಫಿ. ನಾನು, ಪಿ.ಟಿ. ಮೇಡಂ ಬೆಟ್ಟದ ಬುಡದಿಂದ ಹೊರಟೆವು.

ಅರ್ಧದವರೆಗೆ ನನ್ನ ಕಾಲುಗಳು ನನಗೇ ಹೆಮ್ಮೆ ತಂದವು. ಆಮೇಲೆ ಮೆಟ್ಟಿಲುಗಳು ಎತ್ತರವಾಗುತ್ತಾ ಹೋದವು. ಒಂದು ಕಡೆ ಕೂತೆ. ಏಳಲು ನೋಡಿದರೆ ತೊಡೆ ಗಡಗಡ ನಡುಗುತ್ತದೆ. ಪಿ.ಟಿ. ಮೇಡಂ ಸೀಟಿ ಊದಿದರು. ಸ್ಕೂಲಿನ ಮಕ್ಕಳಾದರೆ ಎದ್ದಿರುತ್ತಿದ್ದರು. ಸೋತು ಮನೆಯವರ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ.

"ಅತ್ತೆ, ಕೂತುಬಿಟ್ಟಿದೀನಿ. ಕಾಲು ಏಳ್ತಿಲ್ಲ. ಇನ್ನು ಆಗಲ್ಲ ಅನ್ನಿಸುತ್ತೆ."

ಫೋನ್ ಕಟ್ ಮಾಡುವುದು ಅವರಿಗೆ ಬಾರದು; ಹಾಗೇ ಮಡಿಲಲ್ಲಿ ಇಟ್ಟುಕೊಂಡರೆಂದು ಕಾಣುತ್ತದೆ. ಅತ್ತೆ ಚಿಂತಾಮಣಿ ಕಡೆಯವರು, ಗಾಬರಿಯಾದರೆ ಮೊದಲು ತೆಲುಗೇ ಬರುವುದು. "ಕಾಪಾಡು ತಂಡ್ರಿ", ಕಾಪಾಡು ತಂದೇ, ಎಂದದ್ದು ದೂರದಿಂದ ಕೇಳಿಸಿತು. ಆಮೇಲೆ ಸ್ಪಷ್ಟವಾದ ಕನ್ನಡ:

"ನನ್ನ ಸೊಸೆ ಸುಖವಾಗಿ ಮೇಲೆ ಬಂದು ಸೇರಲಪ್ಪ. ಮುಂದಿನ ಶಿವರಾತ್ರಿಯೊಳಗೆ ನನ್ನ ಮಗನ್ನ ಇದೇ ಮೆಟ್ಟಿಲು ಹತ್ತಿಸ್ತೀನಿ."

ಅದರ ಹಿಂದೆಯೇ ನಮ್ಮ ಮನೆಯವರ ದನಿ, ಇನ್ನೂ ದೂರದಿಂದ: "ಅಮ್ಮಾ, ಏನಮ್ಮಾ ಇದು?"

ನಾನು ಆ ಮೆಟ್ಟಿಲ ಮೇಲೆ ಎಷ್ಟು ನಕ್ಕೆನೆಂದರೆ ಪಿ.ಟಿ. ಮೇಡಂ ನೀರು ಚಿಮುಕಿಸಲು ಬಂದರು. ನಗು ನಿಂತಾಗ ಎದ್ದು ನಿಂತಿದ್ದೆ. ಉಳಿದ ಮೆಟ್ಟಿಲನ್ನು ಕಾಲಿನಿಂದ ಹತ್ತಿದೆನೋ ಆ ಖುಷಿಯಿಂದ ಹತ್ತಿದೆನೋ ಗೊತ್ತಿಲ್ಲ. ಕಾಯಿ ಒಡೆಸಿ ಮಂಗಳಾರತಿ ತೆಗೆದುಕೊಂಡ ಮೇಲೆ ಅತ್ತೆ ಫ್ಲಾಸ್ಕು ತೆರೆದರು. ಮೊದಲ ಗುಟುಕಿಗೆ ಅವರ ಕಣ್ಣಲ್ಲಿ ನೀರು ಬಂತು. ಮಗ ಉಳಿದದ್ದಕ್ಕೋ, ಕಾಫಿ ಬಂದದ್ದಕ್ಕೋ, ನಾನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಎದ್ದು ಬಂದರೆ ಹಾಲಿನಲ್ಲಿ ಕ್ಯಾಲೆಂಡರ್ ಎದುರು ನಮ್ಮ ಮನೆಯವರು, ಕೈ ಎದೆ ಮೇಲೆ ಅಡ್ಡ ಕಟ್ಟಿಕೊಂಡು. ಅತ್ತೆ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು. ಬಾಗಿಲಲ್ಲಿ ಮೊಸರಿಗೆ ಬಂದ ಎದುರುಮನೆಯಾಕೆ ಬಾಯಿ ತೆರೆದು ನಿಂತಿದ್ದರು. ನಮ್ಮ ಮನೆಯವರನ್ನು ನೋಡಿ ಪಾಪ ಅನ್ನಿಸಿ ಎರಡು ಲೋಟ ಕಾಫಿ ತಂದೆ, ಅತ್ತೆಗೊಂದು, ಅವರಿಗೊಂದು. ಅತ್ತೆ ಎರಡನ್ನೂ ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

"ಅವನಿಗೆ ಕೊಡಬೇಡಮ್ಮ. ಹರಕೆ ತೀರೋ ತನಕ ಈ ಸಲ ಅವನ ಕಾಫಿ ಬಿಟ್ಟಿದೀನಿ."