ಗುರುತು ಹಿಡಿದ ದೇಶಗಳು

ಬಾಂಗ್ಲಾದೇಶಕ್ಕೆ ಜಗತ್ತಿನ ಮಾನ್ಯತೆ ದೊರಕಿಸಿಕೊಟ್ಟವರು ಯಾರು? ಪುಸ್ತಕಗಳು ಏನಾದರೂ ಹೇಳಿಕೊಳ್ಳಲಿ, ಆ ಕೆಲಸ ನಡೆದದ್ದು ಕೊಡಿಗೇನಹಳ್ಳಿಯ ಒಂದು ಜಗಲಿಯ ಮೇಲೆ, ನನ್ನ ಸೋದರಮಾವನಿಂದ! ನಾನು ವಿಶ್ವವಿದ್ಯಾಲಯದಲ್ಲಿ ಚರಿತ್ರೆಯನ್ನೇ ಓದಿದವಳು. ಆದರೂ ಈ ಅಭಿಪ್ರಾಯ ಬದಲಿಸಿಲ್ಲ.

ಮಾವನಿಗೆ ಹೊಲ ಇತ್ತು, ಕುರಿ ಇದ್ದವು. ನೋಡಿಕೊಳ್ಳುವ ವ್ಯವಧಾನ ಮಾತ್ರ ಇರಲಿಲ್ಲ. ಹಿಂದೂಪುರದಿಂದ ತಂದ ಟ್ರಾನ್ಸಿಸ್ಟರನ್ನು ಹೆಗಲಿಗೆ ನೇತುಹಾಕಿಕೊಂಡವನಿಗೆ ಇಡೀ ಪ್ರಪಂಚವನ್ನೇ ಮೇಯಿಸುವುದಿತ್ತು! ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಊರಿನ ರಕ್ಷಣೆಯೂ ತಾನಾಗಿ ಅವನ ಪಾಲಿಗೆ ಬಂತು. ಸಂಜೆಯಾದರೆ ಅಜ್ಜಿಯ ಬುಡ್ಡಿದೀಪ ಊದಿಬಿಡುತ್ತಿದ್ದ.

"ಕತ್ತಲಲ್ಲಿ ಮುದ್ದೆ ಹೆಂಗ್ಲಾ ಕಟ್ಲಿ?"

"ಮೇಲೆ ಇಮಾನ ಬತ್ತವೆ ಕಣಮ್ಮ. ಬೆಳಕು ಕಂಡ್ರೆ ಬಾಂಬ್ ಹಾಕ್ಬುಡ್ತಾರೆ."

"ಕೈ ಅಡ್ಡ ಹಾಕಿದ್ರೂ ಮಧುಗಿರಿ ಬಸ್ನೋನಿಗೇ ನಾವು ಕಾಣಾಕಿಲ್ಲ, ಕರಾಚಿಯೋನಿಗೆ ಕಾಣ್ತೀವಾ? ಹಚ್ಲಾ ದೀಪ!"

ಇದನ್ನೆಲ್ಲ ನಾನು ಕಣ್ಣಾರೆ ಕಂಡವಳಲ್ಲ. ಆ ಮನೆಯ ಹೊಸಿಲನ್ನೇ ನಾನು ತುಳಿದಿರಲಿಲ್ಲ. ಅಮ್ಮ ಬೇರೆ ಜಾತಿಯ ಮೇಷ್ಟ್ರನ್ನು ಮೆಚ್ಚಿ ಮದುವೆಯಾಗಿ ಮಧುಗಿರಿ ಸೇರಿದ ಮೇಲೆ ತಾತನ ಪಾಲಿಗೆ ಅವಳು ಇಲ್ಲವಾಗಿದ್ದಳು. ಒಮ್ಮೆ ಸಂತೆಯಲ್ಲಿ ಎದುರೆದುರೇ ಸಿಕ್ಕಾಗ ಜೊತೆಯವರು "ನಿನ್ನ ಮಗಳಲ್ವೇನಣ್ಣ?" ಅಂದರೆ, "ಯಾರೋ, ಗುರುತು ಸಿಗ್ನಿಲ್ಲ" ಎಂದು ಮುಂದೆ ಹೋದನಂತೆ. ಅಮ್ಮ ಆ ಮಾತನ್ನು ಹೇಳುವಾಗಲೆಲ್ಲ ನಗುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ನಮ್ಮ ಮನೆಗೆ ಕದ್ದುಮುಚ್ಚಿ ಬರುತ್ತಿದ್ದವನು ಮಾವ ಒಬ್ಬನೇ. ಬಂದು, ತಾತ, ಅಜ್ಜಿ ಎಲ್ಲರ ದನಿಯಲ್ಲೂ ತಾನೇ ಮಾತಾಡಿ ತೋರಿಸುತ್ತಿದ್ದ. ಯಾವುದು ನಡೆದದ್ದು, ಯಾವುದು ಮಾವ ಸೇರಿಸಿದ್ದು, ಯಾವುದು ಆಮೇಲೆ ನಾನೇ ಸೇರಿಸಿಕೊಂಡದ್ದು? ಡೈರಿ ಬರೆಯುವ ಚಟ ನನಗೆ ಹತ್ತಿದ್ದು ಎಷ್ಟೋ ವರ್ಷದ ಮೇಲೆ. ಹಾಗಾಗಿ ಡೈರಿಯನ್ನು ಕೇಳಿಯೂ ಪ್ರಯೋಜನವಿಲ್ಲ.

ಕೊಡಿಗೇನಹಳ್ಳಿಯ ಕಡೆ ರೇಡಿಯೋದಲ್ಲಿ ಬೆಂಗಳೂರು ಸ್ಟೇಷನ್ನು ಹಪ್ಪಳ ಕರಿದಂತೆ ಚರಚರ ಅನ್ನುತ್ತಿತ್ತು. ತೆಲುಗು ವಾರ್ತೆಯೋ, ಪಕ್ಕದ ಮನೆಯವರು ಮಾತಾಡಿದಷ್ಟು ಸ್ಪಷ್ಟ! ಒಂದು ದಿನ ಅದು "ಭಾರತದೇಶಂ ಬಾಂಗ್ಲಾದೇಶ್‌ನು ಗುರ್ತಿಂಚಿಂದಿ" ಅಂದಿತು. ಮಾನ್ಯತೆ ಕೊಟ್ಟಿತು ಎಂದು ಅರ್ಥ. ಮಾವ ಜಗಲಿಗೆ ಓಡಿ ಕನ್ನಡ ಮಾಡಿ ಸಾರಿದ: "ಇಂಡಿಯಾ ಬಾಂಗ್ಲಾದೇಶದ ಗುರುತು ಹಿಡೀತು!"

ಎಲೆಯಡಿಕೆ ಜಗಿಯುತ್ತಿದ್ದ ತಾತ ತಿರುಗಿದ. "ಯಾಕ್ಲಾ, ಇಷ್ಟು ದಿನ ಕಣ್ಣು ಕಾಣ್ತಿರ್ನಿಲ್ವಾ?"

"ಕಾಣ್ತಿತ್ತು ಕಣಪ್ಪ. ಮನೆಯಿಂದ ಬೇರೆ ಹೋದೋರು ನೋಡು. ಇವರೂ ಒಬ್ರು ಅವ್ರೆ ಅಂತ ಉಳಿದೋರು ಬಾಯ್ಬುಟ್ಟು ಹೇಳ್ಬೇಕಂತೆ."

ತಾತನಿಗೆ ಇದು ಹಿಡಿಸಿತು. ದಿನವೂ ವಿಚಾರಣೆ: "ಇವತ್ತು ಯಾರ್ಲಾ ಹಿಡಿದೋರು?"

"ನೇಪಾಳ."

"ಚಿಕ್ಕೋನಾದ್ರೂ ಬುದ್ಧಿವಂತ."

"ಇಂಗ್ಲೆಂಡು."

"ನಮ್ಮನ್ನೇ ಆಳಿದೋನು, ಗೊತ್ತಾಗ್ತದೆ ಬುಡು."

ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷ ಚೀನಾಕ್ಕೆ ಹೋದ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದವರು ಕೈ ಕುಲುಕಿದರಂತೆ! ತಾತ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದ: "ಮೊದ್ಲು ಯಾರು ಮಾತಾಡ್ಸಿದ್ದು?"

"ದೊಡ್ಡೋನೇ ಎದ್ದು ಹೋದ ಕಣಪ್ಪ."

"ಮಾನ ಹೋಗ್ನಿಲ್ವಾ?"

"ಎಲ್ಲಿ ಹೋಯ್ತದೆ? ಪೇಪರ್ನಲ್ಲೆಲ್ಲಾ ಅವನ್ದೇ ಪಟ!"

ಏಪ್ರಿಲಿನಲ್ಲಿ ಅಮೆರಿಕವೂ ಬಾಂಗ್ಲಾದೇಶದ ಗುರುತು ಹಿಡಿಯಿತು. ಮಾವ ಅಂದು ಕೂಗಲಿಲ್ಲ, ತಾತನ ಪಕ್ಕದಲ್ಲಿ ಕೂತು ಹೇಳಿದ: "ಎದುರು ನಿಂತಿದ್ದ ಅಮೆರಿಕಾನೇ ಹಿಡೀತು ಕಣಪ್ಪ. ಇನ್ನು ಉಳಿದಿರೋರು ಇಬ್ರೇ. ಪಾಕಿಸ್ತಾನ, ಮತ್ತೆ ನೀನು."

ತಾತ ಟವೆಲು ಕೊಡವಿ ಎದ್ದು ಹೊಲದ ಕಡೆ ಹೋದನಂತೆ.

ಚೀನಾನೂ ಬಾಕಿ ಇತ್ತಲ್ಲ? ಮಾವ ಅದನ್ನು ಮರೆತನೋ, ನುಂಗಿದನೋ! ಹಿಂದೂಪುರದಲ್ಲಿ ತೆಲುಗಿನಲ್ಲೇ ಕುರಿ ಚೌಕಾಸಿ ಮಾಡುವವನಿಗೆ ವಾರ್ತೆಯ ಆ 'ಗುರ್ತಿಂಚಿಂದಿ' ಅರ್ಥವಾಗಿರಲಿಲ್ಲ ಎಂದರೆ ನಂಬುವುದು ಹೇಗೆ? ಕೇಳಿದರೆ "ನಾನು ದಡ್ಡ ಕಣಮ್ಮ" ಅನ್ನುತ್ತಿದ್ದ, ಕೊನೆಯವರೆಗೂ.

ಪಾಕಿಸ್ತಾನಕ್ಕೆ ಗುರುತು ಸಿಗಲು ಮತ್ತೆರಡು ವರ್ಷ ಬೇಕಾಯಿತು. ತಾತ ಮುಂದಿನ ಸಂತೆಗೇ ಬಂದ.

ಇದನ್ನು ನಾನೇ ಕಂಡೆ. ಅಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಯಾರೋ ಮುದುಕ ಬಂದು ನಿಂತ. ಅಮ್ಮ ಏಳಲಿಲ್ಲ; ಕೈಯೆಲ್ಲ ಅಂಟು, ಮಡಿಲ ತುಂಬ ಹಣ್ಣು. ಮುದುಕ ಬಹಳ ಹೊತ್ತು ನೋಡಿ, "ಸಣ್ಣಗಾಗ್ಬುಟ್ಟಿದ್ದೀಯಲ್ಲೇ" ಅಂದ. ಆಮೇಲೆ ಹೊಸಿಲ ಮೇಲೆಯೇ ಕೂತು ತಾನೂ ಒಂದು ಹಣ್ಣು ತೆಗೆದುಕೊಂಡು ಬೀಜ ಬಿಡಿಸತೊಡಗಿದ.

ನಾನು ಹೊರಗೆ ಓಡಿದೆ. ರಸ್ತೆಯಾಚೆ ಬೇವಿನ ಮರದ ಕೆಳಗೆ ಮಾವ ಈ ಕಡೆಗೆ ಬೆನ್ನು ಹಾಕಿ ನಿಂತಿದ್ದ.

"ಮಾವ, ಒಳಗೆ ಬಾ."

"ಇರು ಮಗ. ಮೊದ್ಲು ಅವರಿಬ್ರೂ ಅತ್ಕೊಳ್ಳಿ" ಎಂದ.

ಮುಖ ಒರೆಸಲು ತೆಗೆದ ಟವೆಲನ್ನು ಅವನು ಕೆಳಗಿಳಿಸಲೇ ಇಲ್ಲ. ನಾನು ಅವನ ಇನ್ನೊಂದು ಕೈ ಹಿಡಿದು ಪಕ್ಕದಲ್ಲಿ ನಿಂತೆ.