ಕಂಪನಿ ನಾಟಕಕ್ಕೆ ನಾನು ಕತ್ತಲೆ ತಂದದ್ದು

ನಾಟಕದಲ್ಲಿ ದೀಪದವನ ಕಡೆ ಯಾರೂ ನೋಡುವುದಿಲ್ಲ, ಏನಾದರೂ ಕೆಟ್ಟಾಗ ಮಾತ್ರ ನೋಡುತ್ತಾರೆ. ನನ್ನ ಕಡೆ ವಾರಕ್ಕೊಮ್ಮೆಯಾದರೂ ನೋಡುತ್ತಾರೆ. ನಾನು ಸಾಲಿ ಬಿಟ್ಟದ್ದು ನಾಲ್ಕನೇ ಜಮಾತಿಗೆ. ಈಗ ಹದಿನೇಳು ವರ್ಷ, ಕಂಪನಿಯ ಎಂಟೂ ಗ್ಯಾಸ್ ಬತ್ತಿ ನನ್ನ ಕೈಯಲ್ಲಿವೆ.

ಸೇಡಂ

ಎಲ್ಲ ಕಂಪನಿಯವರದೂ ಒಂದೇ ಪದ್ಧತಿ. ಪರದೆ ಎತ್ತಿದಾಗಿನಿಂದ ಮಂಗಳಾರತಿಯವರೆಗೆ ಬತ್ತಿ ಭಗಭಗ ಉರಿಯಬೇಕು. ಮಟಮಟ ಮಧ್ಯಾಹ್ನದ ಅರಮನೆಗೂ ಅಮಾವಾಸ್ಯೆಯ ಸ್ಮಶಾನಕ್ಕೂ ಅದೇ ಬೆಳಕು. ಸೇಡಂ ಊರಲ್ಲಿ ಗುಡಾರ ಹಾಕಿದಾಗ ನಾನು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬತ್ತಿಗಳಿಗೆ ಮುಚ್ಚಳ ಮಾಡಿದೆ. ಹಗ್ಗ ಬಿಟ್ಟರೆ ಮುಚ್ಚಳ ಬಿದ್ದು ಕತ್ತಲೆ, ಎಳೆದರೆ ಬೆಳಕು.

"ಮಾಲಕ್ರ, ಸ್ಮಶಾನದಾಗ ಜರಾ ಕತ್ತಲಿ ಮಾಡ್ಲೇನ್ರಿ?"

"ಕತ್ತಲಿ ನೋಡ್ಲಿಕ್ಕ ಮಂದಿ ಇಲ್ಲಿತನಕ ಯಾಕ ಬರ್ತಾರಲೇ? ಅವರವರ ಮನ್ಯಾಗೇ ಬೇಕಾದಷ್ಟದ."

ವಾಡಿ

ವಾಡಿ ಎಂದರೆ ಜಂಕ್ಷನ್. ನೋಡಲು ಬಂದವರಲ್ಲಿ ಮುಕ್ಕಾಲು ಮಂದಿ ರೈಲ್ವೆಯವರು. ರಾಜನ ಸಿಟ್ಟಿಗೆ ಕೆಂಪು ಬೆಳಕು ಇರಲಿ ಎಂದು ನಾನು ರೈಲ್ವೆ ಕಾಕಾ ಒಬ್ಬರಿಂದ ಕೆಂಪು-ಹಸಿರು ಗಾಜಿನ ಕೈದೀಪ ಬೇಡಿ ತಂದೆ. ರಾಜ ಗರ್ಜಿಸುತ್ತ ಮಂತ್ರಿಯ ಮೈಮೇಲೆ ಹೊರಟ. ಕೆಂಪು ಬಿಟ್ಟೆ.

"ಏ ಮಹಾರಾಜಾ, ನಿಂದರೋ! ಸಿಗ್ನಲ್ ಕೊಟ್ಟಿಲ್ಲ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ರಾಜ ನಿಂತ. ಮುಂದಿನ ಮಾತೂ ಮರೆತ. ನನಗೆ ಸುಮ್ಮನಿರಲಾಗಲಿಲ್ಲ, ಗಾಜು ತಿರುಗಿಸಿ ಹಸಿರು ತೋರಿಸಿದೆ. ಯಾರೋ ಸೀಟಿ ಊದಿದರು. ರಾಜ ನೆಟ್ಟಗೆ ರಂಗ ಬಿಟ್ಟು ಹೋದ.

ಮಾಲಕರು ನಗಲಿಲ್ಲ. "ಚಿತ್ತಾಪುರದಾಗ ತಹಸೀಲ್ದಾರ ಸಾಹೇಬ್ರು ಬರ್ಲಿಕತ್ತಾರ. ಅಲ್ಲಿ ಹಿಂಗ ಮಾಡಿದಿ, ನಿಮ್ಮ ಕೊಡ್ಲಿ ಹಾದಿ ಹಿಡಿ."

ಕೊಡ್ಲಿ ನಮ್ಮೂರು. ಅಲ್ಲಿ ನಮ್ಮಣ್ಣ ನನ್ನನ್ನು ಮತ್ತೆ ಸಾಲಿಗೆ ಹಾಕಲು ಕಾಯುತ್ತಿದ್ದಾನೆ. ಅದೂ ಅದೇ ನಾಲ್ಕನೇ ಜಮಾತಿಗೆ.

ಚಿತ್ತಾಪುರ

ಕಡೆಯ ಅಂಕದಲ್ಲಿ ಖಳ ಚಾಕು ಹಿಡಿದು ನಾಯಕಿಯನ್ನು ಕೊಲ್ಲಬೇಕು. ನಾಯಕಿಯ ಪಾರ್ಟಿನವ ಮೀಸೆ ಬೋಳಿಸಿದ ಗಂಡಸು. ಖಳ ಚಾಕು ಎತ್ತಿದ ಕೂಡಲೇ ಯಾರನ್ನೂ ಕೇಳದೆ ಎಲ್ಲ ಹಗ್ಗ ಬಿಟ್ಟೆ. ಗುಡಾರ ಗವ್ವೆಂದಿತು. ಹತ್ತು ಎಣಿಸಿ ಒಂದೇ ಹಗ್ಗ ಎಳೆದೆ. ಬೆಳಕು ಸೀದಾ ಖಳನ ಮುಖದ ಮೇಲೆ ಬಿತ್ತು. ಜನ ಕಿಟಾರನೆ ಚೀರುತ್ತಾರೆಂದು ಕಾಯ್ದೆ.

ಕತ್ತಲಲ್ಲಿ ದೀಪ ಬಂದರೆ ನಮ್ಮ ಕಡೆ ಕೈ ಮುಗಿಯುವ ರೂಢಿ. ಅದು ನನ್ನ ನೆನಪಿಗೇ ಬರಲಿಲ್ಲ. ಇಡೀ ಗುಡಾರ ಕೈ ಮುಗಿಯಿತು. ಮುಂದಿನ ಕುರ್ಚಿಯಲ್ಲಿದ್ದ ತಹಸೀಲ್ದಾರ ಸಾಹೇಬರೂ ಸಲಾಂ ಮಾಡಿದರು.

ಖಳನ ಪಾರ್ಟಿನ ಕಾಕಾಗೆ ಇಪ್ಪತ್ತು ವರ್ಷದಲ್ಲಿ ಬೈಗುಳ ಬಿಟ್ಟು ಬೇರೇನೂ ಸಿಕ್ಕಿದ್ದಿಲ್ಲ. ಅವರು ಚಾಕು ಕೆಳಗಿಟ್ಟು ಮಂದಿಗೆ ಕೈ ಮುಗಿದು ನಿಂತುಬಿಟ್ಟರು. ಕಣ್ಣಲ್ಲಿ ನೀರು.

"ಕೊಲ್ರಿ ಕಾಕಾ, ಲಗೂನ ಕೊಲ್ರಿ," ಎಂದು ನಾಯಕಿ ಪಿಸುಗುಟ್ಟಿದಳು.

"ಹ್ಯಾಂಗ ಕೊಲ್ಲಲೋ? ಇಷ್ಟು ಮಂದಿ ಕೈ ಮುಗೀಲಿಕತ್ತಾರ."

ಅಷ್ಟರಲ್ಲಿ ಇದಾವುದೂ ಗೊತ್ತಿಲ್ಲದ ನಾಯಕ ಕತ್ತಿ ಹಿರಿದು ಓಡಿ ಬಂದ. "ಅಯ್ಯೋ ಪ್ರಿಯೆ, ಸತ್ತೆಯಾ!"

ಪ್ರಿಯೆ ಎದುರಿಗೇ ನಿಂತಿದ್ದಳು. "ಇಲ್ರೀ. ದೀಪ ಹಚ್ಯಾರ, ಮದಲ ಕೈ ಮುಗೀರಿ."

ನಾಯಕ ಕತ್ತಿ ಕಂಕುಳಲ್ಲಿ ಒತ್ತಿ ಹಿಡಿದು ಕೈ ಮುಗಿದ.

ಪಕ್ಕದ ಪರದೆಯ ಹಿಂದೆ ಮಾಲಕರು ನನ್ನ ಕಿವಿ ಹಿಡಿದಿದ್ದರು. "ನಡಿ ಕೊಡ್ಲಿಗೆ!" ಎಂದು ಎಳೆಯುವಾಗಲೇ ಗುಡಾರವೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು. ಸಾಹೇಬರೇ ಎದ್ದು ನಿಂತು, "ಒನ್ಸ್ ಮೋರ್!" ಅಂದರು.

ಮಾಲಕರು ಕಿವಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಹಗ್ಗ ತಂದು ನನ್ನ ಮುಷ್ಟಿಯೊಳಗೆ ತುರುಕಿದರು.

"ಸಾಹೇಬ್ರು ಹೇಳಿದ್ದು ಕೇಳಸವಲ್ದೇನಲೇ? ಕತ್ತಲಿ ಮಾಡು!"