ಕೆಂಪು ಮಸಿ ಇಲ್ಲದ ಕೋಣೆ

ಕಾರವಾರದ ನಮ್ಮ ಕಾಲೇಜಿನ ಬರವಣಿಗೆ ಕೇಂದ್ರವನ್ನು ನಾನು ನೋಡಿಕೊಳ್ಳುತ್ತೇನೆ. ಗಂಭೀರವಾದ ಕೆಲಸವೆಂದೇ ಒಪ್ಪಿಕೊಂಡದ್ದು. ಆದರೆ ಇಲ್ಲಿಗೆ ನಗು ಯಾರನ್ನೂ ಕೇಳದೆ, ಚಪ್ಪಲಿಯನ್ನೂ ಕಳಚದೆ ಒಳಗೆ ಬರುತ್ತದೆ.

ಇಲ್ಲಿಯ ನಿಯಮ ಒಂದೇ. ವಿದ್ಯಾರ್ಥಿಯ ಬರಹವನ್ನು ನಾವು ತಿದ್ದುವುದಿಲ್ಲ. ಅವರು ಗಟ್ಟಿಯಾಗಿ ಓದಬೇಕು, ನಾವು ಪ್ರಶ್ನೆ ಕೇಳಬೇಕು, ತಿದ್ದಿಕೊಳ್ಳುವುದು ಅವರೇ. ಕಾನ್ವೆಂಟಿನ ಸಿಸ್ಟರುಗಳ ಕೆಂಪು ಮಸಿಯಲ್ಲಿ ಬೆಳೆದ ನನಗೆ ಇದು ಉಪವಾಸವಿದ್ದು ಬಡಿಸಿದ ಹಾಗೆ. ಆದರೂ ನಿಯಮವೆಂದರೆ ನಿಯಮ.

೧. ಗಿರಣಿ

ಕೇಣಿ ಊರಿನ ಹುಡುಗನೊಬ್ಬ ಪ್ರಬಂಧವನ್ನು ಮೇಜಿನ ಮೇಲಿಟ್ಟು, ಎಷ್ಟೊತ್ತಿಗೆ ಬರಲಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟ. ಗಿರಣಿಯಲ್ಲಿ ಅಕ್ಕಿ ಡಬ್ಬಿ ಇಟ್ಟು ಪೇಟೆಗೆ ಹೋಗುವವರ ಹಾಗೆ. ಮರುದಿನ ಮೀನು ಮಾರಲು ಬಂದಿದ್ದ ಅವನ ತಾಯಿ ಬುಟ್ಟಿಯನ್ನು ಹೊರಗಿಟ್ಟು ಇಣುಕಿ, ಮಗನದು ಆಯ್ತೇ ಎಂದಳು. ನಾನು ಬರೆಯುವುದೂ ಇಲ್ಲ, ತಿದ್ದುವುದೂ ಇಲ್ಲ, ಪ್ರಶ್ನೆ ಕೇಳುತ್ತೇನೆ ಅಷ್ಟೇ ಎಂದು ವಿವರಿಸಿದೆ. ಅವಳು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು.

"ಅವ್ನೇ ಓದ್ಬೇಕು, ಅವ್ನೇ ತಿದ್ಬೇಕು. ಹಂಗಾರೆ ನೀವು ಕೂತದ್ದು ಎಂತಕ್ಕೆ ಅಕ್ಕೋರೆ?"

೨. ಹಿಲ್ಲೂರಿನ ಸಮುದ್ರ

ಹಿಲ್ಲೂರಿನ ಹುಡುಗ ತನ್ನ ಊರಿನ ಬಗ್ಗೆ ಬರೆದು ತಂದ. ಓದಿಸಿದೆ. ಎರಡನೆಯ ಸಾಲಿನಲ್ಲೇ ನೀಲಿ ಸಮುದ್ರ ಉಕ್ಕಿತು. ಸುತ್ತಲೂ ಕಾಡಿರುವ ಊರಿಗೆ ಸಮುದ್ರ ಎಲ್ಲಿಂದ ಬಂತು ಎಂದು ಕೇಳಿದೆ. ಪ್ರಬಂಧ ಬರೆದುಕೊಡು ಎಂದು ಫೋನಿನ ಎಐಗೆ ಕೇಳಿ, ಊರು ಕರಾವಳಿಯ ಅಂಕೋಲಾ ತಾಲೂಕು ಎಂದಷ್ಟೇ ಹೇಳಿದ್ದನಂತೆ, ಉಳಿದದ್ದನ್ನು ಅದೇ ಹಾಕಿತಂತೆ.

ಫೋನು ಬದಿಗಿಡಿಸಿ, ಊರಿನಲ್ಲಿ ನಿಜವಾಗಿ ಏನಿದೆ ಎಂದೆ. ರಾತ್ರಿ ಅಲ್ಲೇ ತಂಗುವ ವಸತಿ ಬಸ್ಸು, ಕಂಡಕ್ಟರು ಇವರ ಜಗಲಿಯಲ್ಲಿ ಮಲಗುವುದು, ಅವರ ಗೊರಕೆಗೆ ನಾಯಿ ಎದ್ದು ಬೊಗಳುವುದು, ನಾಯಿಗೆ ಅಜ್ಜಿ ಬೈದದ್ದನ್ನು ಕಂಡಕ್ಟರು ತನಗೇ ಎಂದು ತಿಳಿದು ಮುನಿಸಿಕೊಂಡದ್ದು. ಎಷ್ಟು ಚೆನ್ನಾಗಿ ಹೇಳಿದ! ಇದನ್ನೇ ಬರೆ ಎಂದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಅದು ಪ್ರಬಂಧ ಅಲ್ಲ ಮೇಡಂ, ಅದು ಖರೇ ಆದದ್ದು."

೩. ಟೇಬಲ್ ಟೆನಿಸ್

ಆಮೇಲೆ ಎಲ್ಲರ ಫೋನುಗಳೂ ಬರೆಯತೊಡಗಿದವು. ನನ್ನೆದುರಿನ ಕುರ್ಚಿ ಖಾಲಿಯಾಯಿತು. ಸೊಟ್ಟ ವಾಕ್ಯವೊಂದನ್ನು ತಡವರಿಸಿ ಓದಿ, ಮಧ್ಯದಲ್ಲಿ ನಿಂತು, ತಾನಾಗಿಯೇ ನಕ್ಕು ಹೊಡೆದುಹಾಕುವ ಮಕ್ಕಳು. ಅವರಿಗಾಗಿ ನಾನು ಎಷ್ಟು ಹಂಬಲಿಸಿದೆನೆಂದು ಹೇಳಿದರೆ ನನ್ನ ಸಿಸ್ಟರುಗಳು ನಂಬಲಿಕ್ಕಿಲ್ಲ. ಯಾರೂ ಬರದಿದ್ದರೆ ಕೋಣೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಪ್ರಿನ್ಸಿಪಾಲರೂ ಎಚ್ಚರಿಸಿದರು.

ಒಂದು ಮಧ್ಯಾಹ್ನ ಕದ್ವಾಡದ ಹುಡುಗಿಯೊಬ್ಬಳು ಕೈಬರಹದ ಹಾಳೆ ಹಿಡಿದು ಬಂದಳು. ನಾನು ಎದ್ದೇ ನಿಂತೆ. ಪ್ರಿನ್ಸಿಪಾಲರಿಗೆ ಅರ್ಜಿಯಂತೆ, ಹುಡುಗಿಯರ ಟೇಬಲ್ ಟೆನಿಸ್‌ಗೆ ಕೋಣೆ ಬೇಕಂತೆ. ಯಾವ ಕೋಣೆ ಎಂದೆ.

"ಇದೇ ಮೇಡಂ."

ಕುಳಿತುಕೊಂಡೆ. ನಿಯಮವೆಂದರೆ ನಿಯಮ. ಓದು ಎಂದೆ. ಬರೀ ವಿನಂತಿ, ಕಾರಣವೇ ಇಲ್ಲ. ಕೇಳಿದೆ. ಆಟದ ಕೋಣೆಯನ್ನು ಹುಡುಗರು ಬಿಟ್ಟುಕೊಡುವುದಿಲ್ಲ, ಇವರು ಕಾರಿಡಾರಿನಲ್ಲಿ ಬೆಂಚು ಜೋಡಿಸಿ ಆಡುತ್ತಾರೆ ಎಂದಳು. ಅದು ಅರ್ಜಿಯಲ್ಲಿ ಯಾಕಿಲ್ಲ ಎಂದೆ. ಬರೆದುಕೊಂಡಳು. ಈ ಕೋಣೆಯೇ ಯಾಕೆ ಎಂದೆ. ತಲೆ ತಗ್ಗಿಸಿದಳು.

"ನಾ ಬಂದು ಇಷ್ಟೊತ್ತಾಯ್ತು ಮೇಡಂ. ಬೇರೆ ಯಾರಾದ್ರೂ ಬಂದ್ರಾ?"

ಈ ಮಾತು ಅರ್ಜಿಯಲ್ಲಿ ಎಲ್ಲಿ ಬರಬೇಕು ಎಂದೆ. ಅವಳು ಯೋಚಿಸಿ, ಎಲ್ಲಕ್ಕಿಂತ ಮೊದಲು ಎಂದಳು. ಉತ್ತರ ಸರಿಯಾಗಿತ್ತು.

ಎರಡು ದಿನದಲ್ಲಿ ಪ್ರಿನ್ಸಿಪಾಲರು ಸಂತೋಷದಿಂದ ಬಂದರು. "ಇಂಥ ಒಳ್ಳೆ ಅರ್ಜಿ ನಾನು ಇದುವರೆಗೆ ಓದೇ ಇರಲಿಲ್ಲ. ನಿಮ್ಮ ಕೇಂದ್ರ ಇರಲೇಬೇಕು ಮೇಡಂ. ಕೋಣೆ ಮಾತ್ರ ಅವರಿಗೆ ಕೊಡದೆ ಇರಲಾಗಲಿಲ್ಲ."

ಈಗ ನನ್ನ ಮೇಜು ಹೊರಗೆ ಕಾರಿಡಾರಿನಲ್ಲಿದೆ. ಒಳಗಿಂದ ಚೆಂಡು ಆಗಾಗ ನನ್ನ ಕಾಲ ಬಳಿ ಉರುಳಿ ಬರುತ್ತದೆ, ಹಿಂದೆಯೇ ಒಬ್ಬ ಹುಡುಗಿ. ನಾನು ಚೆಂಡನ್ನು ಕೂಡಲೇ ಕೊಡುವುದಿಲ್ಲ. ಇತ್ತೀಚೆಗೆ ಏನು ಬರೆದೆ, ಕೂತು ಓದು ಎನ್ನುತ್ತೇನೆ.

ಈಚೆಗೆ ಅವರು ಜೇಬಿನಲ್ಲಿ ಇನ್ನೊಂದು ಚೆಂಡು ಇಟ್ಟುಕೊಂಡು ಆಡುತ್ತಿದ್ದಾರೆ.